ಶನಿವಾರದ ಸದ್ದು

ನಿಮ್ಮ ಯಜಮಾನರಿಗೆ ಏನು ಕೆಲಸ ಎಂದು ಮದುವೆಮನೆಯಲ್ಲಿ ಯಾರಾದರೂ ಕೇಳಿದರೆ ನನ್ನ ಹೆಂಡತಿಯ ಉತ್ತರ ಸಿದ್ಧವಾಗಿರುತ್ತದೆ. "ಕಾರಲ್ಲಿ ಕೂತ್ಕೊಂಡು ಕೇಳಿಸ್ಕೊಳ್ಳೋ ಕೆಲಸ. ಮನೇಲಿ ಹೇಳಿದ್ದು ಮಾತ್ರ ಕೇಳ್ಸಲ್ಲ." ಎಲ್ಲರೂ ನಗುತ್ತಾರೆ, ಅವರ ಜೊತೆ ನಾನೂ ನಗುತ್ತೇನೆ. ಆದರೆ ಅವಳು ಹೇಳುವುದರಲ್ಲಿ ಮೊದಲರ್ಧವಂತೂ ಪೂರ್ತಿ ನಿಜ.

ನಮ್ಮ ಕಾರ್ಖಾನೆ ಇರುವುದು ಮೇಟಗಳ್ಳಿಯಲ್ಲಿ. ನಾವು ಕಾರು ಮಾಡುವವರಲ್ಲ, ಕಾರಿನ ಡ್ಯಾಶ್‌ಬೋರ್ಡ್ ಮಾಡುವವರು. ಕಾರು ಮಾಡುವ ದೊಡ್ಡ ಕಂಪನಿಯವರು ಹೊಸ ಕಾರಿನ ಒಂದೆರಡು ಮಾದರಿಗಳನ್ನು ನಮ್ಮಲ್ಲಿಗೆ ಕಳಿಸುತ್ತಾರೆ. ನಾವು ಡ್ಯಾಶ್‌ಬೋರ್ಡ್ ಜೋಡಿಸಿ, ರಸ್ತೆಗಿಳಿಸಿ, ಅದು ಎಲ್ಲಾದರೂ ಕಿರಕ್ ಅನ್ನುತ್ತದಾ, ಟಕ್ ಅನ್ನುತ್ತದಾ ಎಂದು ನೋಡಬೇಕು. ನೋಡಬೇಕು ಅಂದರೆ ಕೇಳಬೇಕು. ಮುಂದಿನ ಎಡಗಡೆ ಸೀಟಿನಲ್ಲಿ ಕೂತು ಕತ್ತನ್ನು ಗಾಜಿನ ಕಡೆ ಚಾಚಿ ಕೇಳುವವನು ನಾನು. ಗ್ಯಾಸ್ ಆಫ್ ಮಾಡಿದೆನಾ, ಬಾಗಿಲು ಹಾಕಿದೆನಾ, ಎದೆಯಲ್ಲಿ ಚುಳುಕ್ ಅಂದದ್ದು ಗ್ಯಾಸ್ಟ್ರಿಕ್ಕಾ ಅಥವಾ ಬೇರೆಯದಾ ಎಂದು ದಿನವಿಡೀ ಒದ್ದಾಡುವ ಸ್ವಭಾವ ನನ್ನದು. ಇಂಥವನನ್ನು ಹುಡುಕಿ, ಇಲ್ಲದ ತೊಂದರೆಯನ್ನು ಹುಡುಕುವುದಕ್ಕೇ ಸಂಬಳ ಕೊಟ್ಟು ಕೂರಿಸಿದ್ದು ದೇವರ ಕೃಪೆಯೋ ತಮಾಷೆಯೋ ಇನ್ನೂ ತೀರ್ಮಾನವಾಗಿಲ್ಲ.

ಈಗ ಹೇಳಹೊರಟಿರುವುದು ಹೋದ ವರ್ಷದ ಮಾತು. ದೊಡ್ಡ ಕಂಪನಿಯವರು ಒಂದೇ ತಳಪಾಯದ ಮೇಲೆ ಮೂರು ಕಾರು ತರಲು ಹೊರಟಿದ್ದರು. ಒಂದು ಮೋಟು ಹಿಂಭಾಗದ್ದು, ಒಂದು ಡಿಕ್ಕಿ ಇರುವುದು, ಇನ್ನೊಂದು ಸ್ವಲ್ಪ ಎತ್ತರ ನಿಂತು ಗತ್ತು ತೋರಿಸುವಂಥದ್ದು. ಮೂರಕ್ಕೂ ಡ್ಯಾಶ್‌ಬೋರ್ಡ್ ಒಂದೇ, ನಮ್ಮದೇ. ಮೊದಲ ಮೀಟಿಂಗಿನಲ್ಲಿ ಪರದೆಯ ಮೇಲೆ ಒಂದು ಸಂಸಾರದ ಚಿತ್ರ ತೋರಿಸಿದರು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಬಿಳಿಕೂದಲಿನ ಅಜ್ಜಿ, ಕಿಟಕಿಯಿಂದ ನಾಲಗೆ ಚಾಚಿದ ನಾಯಿ. "ಕಾರು ಚಿಕ್ಕದು, ಆದರೆ ಒಳಗೆ ಕೂತವರಿಗೆ ಚಿಕ್ಕದು ಅನ್ನಿಸಬಾರದು. ಪ್ರೀಮಿಯಂ ಅನ್ನಿಸಬೇಕು" ಅಂದರು. ಪ್ರೀಮಿಯಂ ಅಂದರೆ ಏನು ಎಂದು ಯಾರೂ ಕೇಳಲಿಲ್ಲ. ನನಗಂತೂ ಅದರ ಅರ್ಥ ಒಂದೇ, ಸದ್ದಿರಬಾರದು. ನಮ್ಮ ಮನೆಯ ಹಳೇ ಸಣ್ಣ ಕಾರಿನಲ್ಲಿ ಸದ್ದು ಸಂಸಾರದ ಒಬ್ಬ ಸದಸ್ಯ ಇದ್ದ ಹಾಗೆ. ಒಂದು ದಿನ ಕೇಳಿಸದಿದ್ದರೆ ಏನಾಯಿತಪ್ಪಾ ಎಂದು ಗಾಬರಿಯಾಗುತ್ತದೆ. ಅದೇ ಸದ್ದು ಪ್ರೀಮಿಯಂ ಕಾರಿನಲ್ಲಿ ಬಂದರೆ ದೂರು.

ಅದೇ ಹೊತ್ತಿಗೆ ಕೃಷ್ಣಮೂರ್ತಿಪುರಂನಲ್ಲಿರುವ ನನ್ನ ಅಕ್ಕ ಕಾರು ಕೊಳ್ಳಲು ಹೊರಟಿದ್ದಳು. "ನೀನು ಕಾರ್ ಕಂಪನಿಲೇ ಇದ್ದೀಯಲ್ಲೋ, ಯಾವ್ದು ತಗೊಳ್ಳೋದು ಅಂತ ಒಂದು ಮಾತು ಹೇಳ್ಬಾರ್ದಾ?"

"ಸ್ವಲ್ಪ ತಡಿ ಅಕ್ಕ."

"ಎಷ್ಟ್ ತಡೀಲಿ? ನನ್ನ ಮಂಡಿ ತಡೀಬೇಕಲ್ಲ, ಆಟೋ ಹತ್ತಕ್ಕಾಗಲ್ಲ ಕಣೋ."

ಬಿಡುಗಡೆಗೆ ಮೊದಲು ಬಾಯಿಬಿಡುವಂತಿರಲಿಲ್ಲ. ತಡಿ ಅಂದೆ ಅಷ್ಟೇ. ಅಲ್ಲಿಂದಾಚೆಗೆ ಆ ಚಿತ್ರದ ಬಿಳಿಕೂದಲಿನ ಅಜ್ಜಿಯ ಜಾಗದಲ್ಲಿ ನನಗೆ ಅಕ್ಕ ಕಾಣಿಸತೊಡಗಿದಳು.

ಮಾದರಿ ಕಾರಿಗೆ ಗುರುತು ಸಿಗದಂತೆ ಮೈತುಂಬ ಕಪ್ಪುಬಿಳುಪು ಪಟ್ಟಿಯ ಹಾಳೆ ಅಂಟಿಸಿರುತ್ತಾರೆ. ಗುರುತು ಸಿಗಬಾರದೆಂದು ಮಾಡಿದ ಈ ಉಪಾಯದಿಂದ ಊರಿನವರೆಲ್ಲ ತಿರುಗಿ ನೋಡುತ್ತಾರೆ. ರಿಂಗ್ ರೋಡಿನ ಸಿಗ್ನಲ್ಲಿನಲ್ಲಿ ಸ್ಕೂಟರಿನವರೊಬ್ಬರು ಕಿಟಕಿಗೆ ಬಗ್ಗಿ, "ಏನ್ ಸಾರ್, ಝೂನಿಂದ ತಪ್ಪಿಸ್ಕೊಂಡು ಬಂದದ್ದಾ?" ಅಂದಿದ್ದರು. ಅದಕ್ಕೆ ನಮ್ಮ ಡ್ರೈವರ್ ಭಾಯ್, "ಇಲ್ಲ ಸ್ವಾಮಿ, ವಾಪಸ್ ಬಿಡಕ್ಕೆ ಹೋಗ್ತಿದ್ದೀವಿ. ನಮ್ ಸಾರನ್ನೂ ಅಲ್ಲೇ ಬಿಡ್ಬೇಕು" ಅಂದರು. ಭಾಯ್ ರಾಜೀವನಗರದವರು. ನನ್ನ ಓರಗೆಯವರು. ಕಾರ್ಖಾನೆಗೆ ನಾವಿಬ್ಬರೂ ಸೇರಿದ್ದು ಒಂದೇ ಕಾಲದಲ್ಲಿ. ನನ್ನ ಹೆದರಿಕೆಗಳೆಲ್ಲ ನನ್ನ ಹೆಂಡತಿಗಿಂತ ಅವರಿಗೇ ಹೆಚ್ಚು ಗೊತ್ತು. ವಾರಕ್ಕೊಮ್ಮೆ ಅಷ್ಟು ದೂರ ಪಕ್ಕದಲ್ಲೇ ಕೂತು ಕೇಳಬೇಕಾದರೆ ಇನ್ನೇನು ಮಾಡಿಯಾರು?

ನಮ್ಮ ವಾರದ ಪದ್ಧತಿ ಹೀಗೆ. ಸೋಮವಾರ ಡ್ಯಾಶ್‌ಬೋರ್ಡ್ ಬಿಚ್ಚುವುದು, ಸರಿಮಾಡುವುದು, ವಾರದ ಕೊನೆಗೆ ಮತ್ತೆ ಕೂರಿಸುವುದು. ಶುಕ್ರವಾರ ಕಾರಿಗೆ ಪೂಜೆ. ಶನಿವಾರ ಬೆಳಿಗ್ಗೆ ಕೆ.ಆರ್.ಎಸ್. ರಸ್ತೆಯಲ್ಲಿ ಹೋಗಿ, ಇಲವಾಲದ ಕಡೆ ಒಂದು ಕಿತ್ತುಹೋದ ಹಾದಿ ಹಿಡಿದು, ಗಡಗಡ ಅಲ್ಲಾಡಿಸಿಕೊಂಡು ವಾಪಸ್ ಬರುವುದು. ಮುಂದೆ ಭಾಯ್ ಮತ್ತು ನಾನು. ಹಿಂದೆ ನಮ್ಮ ಮೇಡಂ. ಈ ಕೆಲಸದ ಪೂರ್ತಿ ಜವಾಬ್ದಾರಿ ಅವರದು. ವಯಸ್ಸಿನಲ್ಲಿ ನನ್ನ ಅಕ್ಕನ ಮಗಳಷ್ಟಿರಬಹುದು. ಬುದ್ಧಿಯಲ್ಲಿ ನಮ್ಮ ಮನೆಯವರನ್ನೆಲ್ಲ ಸೇರಿಸಿದರೂ ಅವರಿಗೆ ಸಮ ಆಗುವುದಿಲ್ಲ. ಅವರ ಪಕ್ಕದಲ್ಲಿ ಒಂದು ಯಂತ್ರ ಇರುತ್ತದೆ. ಸೀಟಿನ ತಲೆಯ ಹತ್ತಿರ ಸಿಕ್ಕಿಸಿದ ಮೈಕು ಕೇಳಿದ್ದನ್ನೆಲ್ಲ ಅದು ಗೆರೆಗಳಾಗಿ ಬರೆದುಕೊಳ್ಳುತ್ತದೆ.

ಒಂದು ಶನಿವಾರ ನನಗೆ ಆ ಸದ್ದು ಕೇಳಿಸಿತು. ಗಾಜಿನ ಬುಡದಲ್ಲಿ, ಡ್ಯಾಶ್‌ಬೋರ್ಡಿನ ಒಳಗೆಲ್ಲೋ. ಕಿರಕ್ ಅಲ್ಲ, ಟಕ್ ಅಲ್ಲ, ತೆಳ್ಳಗೆ ಟಿರ್ರ್ ಅಂದ ಹಾಗೆ. ಇರುವೆಗಳು ಗೆಜ್ಜೆ ಕಟ್ಟಿಕೊಂಡು ಓಡಿದರೆ ಹೇಗಿರುತ್ತದೋ ಹಾಗೆ.

"ಭಾಯ್, ಕೇಳಿಸ್ತಾ?"

"ಏನು ಸಾರ್?"

"ಟಿರ್ರ್ ಅಂತು."

"ನನಗೆ ನಿಮ್ ಮಾತು ಬಿಟ್ರೆ ಏನೂ ಕೇಳ್ಸಲ್ಲ ಸಾರ್. ಅದು ನಿಂತ್ರೆ ಹೇಳ್ತೀನಿ."

ಮೇಡಂ ಯಂತ್ರ ನೋಡಿದರು. ಅದರಲ್ಲಿ ಏನೂ ಇರಲಿಲ್ಲ. ಸೋಮವಾರ ಡ್ಯಾಶ್‌ಬೋರ್ಡ್ ಬಿಚ್ಚಿ, ಮೇಜಿನ ಮೇಲೆ ಬೋರಲು ಹಾಕಿ, ಪ್ರತಿ ಕ್ಲಿಪ್ಪು, ಪ್ರತಿ ಸ್ಕ್ರೂ ಮುಟ್ಟಿ ನೋಡಿದೆವು. ಎಲ್ಲ ಸರಿ ಇತ್ತು. ಮತ್ತೆ ಕೂರಿಸಿ ಶೆಡ್ಡಿನ ಹಿಂದಿನ ಉಬ್ಬುತಗ್ಗಿನ ಮೇಲೆ ಓಡಿಸಿದೆವು. ಸದ್ದಿಲ್ಲ. ನನಗೂ ಸಮಾಧಾನವಾಯಿತು. ಮುಂದಿನ ಶನಿವಾರ ಮತ್ತೆ ಟಿರ್ರ್.

ಇದು ಹಾಗೇ ನಡೆಯಿತು. ವಾರವೆಲ್ಲ ಮೌನ, ಶನಿವಾರ ಸದ್ದು. ಭಾಯ್ ಅದಕ್ಕೆ 'ನಿಮ್ ಶನಿದೇವ್ರು' ಎಂದು ಹೆಸರಿಟ್ಟರು. ನನ್ನ ಮಾತನ್ನು ಯಾರಾದರೂ ನಂಬಬೇಕಾದರೆ ನನ್ನ ಹಿಂದಿನ ಚರಿತ್ರೆ ಚೆನ್ನಾಗಿರಬೇಕಿತ್ತು. ಹಿಂದಿನ ಒಂದು ಕಾರಿನಲ್ಲಿ ಬಾಗಿಲಿನ ಸದ್ದು ಎಂದು ಎರಡು ಬಾಗಿಲು ಬಿಚ್ಚಿಸಿದ್ದೆ. ಆಮೇಲೆ ಅದು ನನ್ನ ಪ್ಯಾಂಟಿನ ಜೇಬಿನಲ್ಲಿದ್ದ ಮನೆ ಬೀಗದ ಕೈ ಎಂದು ಗೊತ್ತಾಗಿತ್ತು. ಅದನ್ನು ಯಾರೂ ಮರೆತಿರಲಿಲ್ಲ. ಶೆಡ್ಡಿನಲ್ಲಿ ಹಾದುಹೋಗುವಾಗ ಹುಡುಗರು ಸುಮ್ಮನೆ ಬೀಗದ ಕೈ ಗೊಂಚಲು ಅಲ್ಲಾಡಿಸುತ್ತಿದ್ದರು.

ಕೊನೆಗೆ ಮೇಡಂ ನನ್ನನ್ನು ಕರೆದು, ಬಹಳ ಮೆತ್ತಗೆ, ಆಸ್ಪತ್ರೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದರು. "ಸರ್, ತಪ್ಪು ತಿಳ್ಕೋಬೇಡಿ. ಒಂದ್ಸಲ ಕಿವಿ ತೋರಿಸ್ಕೊಂಡ್ಬನ್ನಿ."

"ಕಿವಿ ಚೆನ್ನಾಗಿದೆ ಮೇಡಂ."

"ಚೆನ್ನಾಗಿದ್ರೆ ಒಳ್ಳೇದೇ ಅಲ್ವಾ? ಕಂಪನಿಯವ್ರು ಕೊನೇ ಸಲ ಕೂತು ನೋಡೋಕೆ ಬರ್ತಿದ್ದಾರೆ. ಅಷ್ಟರಲ್ಲಿ ಈ ಸದ್ದು ಏನು ಅಂತ ಗೊತ್ತಾಗ್ಬೇಕು, ಇಲ್ಲಾಂದ್ರೆ ಸದ್ದೇ ಇಲ್ಲ ಅಂತ ಆಗ್ಬೇಕು. ಮುಂದಿನ ಸಲದಿಂದ ಬೇಕಾದ್ರೆ ಯಂತ್ರನೇ ನೋಡ್ಕೊಳ್ಳುತ್ತೆ. ನಿಮಗೆ ಆಫೀಸಲ್ಲಿ ಒಂದು ಆರಾಮದ ಸೀಟು ಕೊಡೋಣ."

ಆರಾಮದ ಸೀಟು. ನನ್ನಂಥವನನ್ನು ಆರಾಮವಾಗಿ ಕೂರಿಸಿದರೆ ಏನಾಗುತ್ತದೆ ಎಂದು ಅವರಿಗೆ ಗೊತ್ತಿಲ್ಲ. ಆ ಎಡಗಡೆ ಸೀಟು ನನಗೆ ಬರೀ ಸೀಟಲ್ಲ. ಮನೆಯಲ್ಲಿ, ಬೀದಿಯಲ್ಲಿ, ಬ್ಯಾಂಕಿನಲ್ಲಿ ನನ್ನ ಅನುಮಾನಗಳಿಗೆ ಎಲ್ಲರೂ ನಗುತ್ತಾರೆ. ಆ ಒಂದು ಸೀಟಿನಲ್ಲಿ ಕೂತಾಗ ಮಾತ್ರ ನನ್ನ ಅನುಮಾನಕ್ಕೆ ಮರ್ಯಾದೆ ಇತ್ತು. ಅದೂ ಹೋದರೆ ನಾನು ಬರೀ ಪಿರಿಪಿರಿ ಮನುಷ್ಯನಾಗಿ ಉಳಿಯುತ್ತೇನೆ.

ಕುವೆಂಪುನಗರದ ಕ್ಲಿನಿಕ್ಕಿಗೆ ಹೋದೆ. ಗೂಡಿನಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗ ಬಟನ್ ಒತ್ತಿ ಅಂದರು. ಕಿವಿ ಮುಚ್ಚಿ ಕೂರಿಸಿದರೆ ಎದೆಬಡಿತ, ರಕ್ತ ಹರಿಯುವುದು, ಹೊಟ್ಟೆಯಲ್ಲಿ ಬೆಳಗಿನ ಉಪ್ಪಿಟ್ಟು, ಎಲ್ಲ ಕೇಳಿಸುತ್ತದೆ. ಯಾವುದನ್ನೂ ಬಿಡಬಾರದೆಂದು ಒತ್ತುತ್ತಾ ಹೋದೆ. ಪರೀಕ್ಷೆ ಮಾಡಿದ ಹುಡುಗಿ ಕೋಣೆಯ ಬಾಗಿಲು ತೆಗೆದು, "ಸರ್, ನಾನು ಸದ್ದು ಕೊಡದೇ ಇದ್ದಾಗ್ಲೂ ಒತ್ತಿದ್ರಿ" ಅಂದಳು.

"ಕೊಟ್ಟಿದ್ದೀರೇನೋ ಅಂತ ಅನುಮಾನ ಬಂತು."

ಅವಳು ಇನ್ನೊಂದು ಸಲ ಮಾಡಿದಳು. ವಯಸ್ಸಿಗೆ ತಕ್ಕ ಹಾಗಿದೆ, ತೆಳ್ಳನೆಯ ಎತ್ತರದ ಸದ್ದುಗಳು ಮಾತ್ರ ನಿಧಾನವಾಗಿ ಕಡಿಮೆಯಾಗುತ್ತಾ ಹೋಗುತ್ತವೆ, ಇನ್ನೊಂದು ವರ್ಷ ಬಿಟ್ಟು ಬನ್ನಿ ಅಂದಳು. 'ವಯಸ್ಸಿಗೆ ತಕ್ಕ ಹಾಗೆ' ಎಂಬ ಮಾತನ್ನು ಮನೆಯವರೆಗೆ ಹೊತ್ತುಕೊಂಡು ಬಂದೆ. ಹೆಂಡತಿ ಹಸಿಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ, "ಅಂದ್ರೆ ಚೆನ್ನಾಗಿದೆ ಅಂತ ತಾನೇ?" ಅಂದಳು.

"ಹೋಗ್ತಾ ಇದೆ ಅಂತ."

"ಕೂದಲು ಹೋದಾಗ್ಲೂ ಹಿಂಗೇ ಆಡಿದ್ರಿ. ಈಗ ಆರಾಮಾಗಿಲ್ವಾ? ಬುಡಿ."

ದಿಕ್ಕು ತೋಚದವನು ಏನು ಮಾಡುತ್ತಾನೆ? ದೇವರ ಮೊರೆ ಹೋಗುತ್ತಾನೆ. ಶುಕ್ರವಾರದ ಪೂಜೆ ಹೇಗೂ ನಡೆಯುತ್ತಿತ್ತಲ್ಲ. ಮೊದಲೆಲ್ಲ ಅದು ಬಹಳ ಸಣ್ಣದು. ಎರಡು ಊದುಬತ್ತಿ, ಒಂದು ತೆಂಗಿನಕಾಯಿ, ಸ್ಟೇರಿಂಗಿಗೆ ಒಂದು ಹೂವು, ಡ್ಯಾಶ್‌ಬೋರ್ಡಿನ ಮೇಲೆ ನಾಲ್ಕು ಕಾಳು ಅಕ್ಷತೆ. ನಾನು ಅದನ್ನು ವಹಿಸಿಕೊಂಡೆ. ಹೆಂಡತಿಯ ಕೈಲಿ ಬೆಳಿಗ್ಗೆಯೇ ಅರಿಶಿನ, ತುಪ್ಪ ಹಾಕಿ ಒಂದು ಬಟ್ಟಲು ಅಕ್ಷತೆ ಕಲಸಿಸಿಕೊಂಡು ಡಬ್ಬಿಯಲ್ಲಿ ಒಯ್ಯತೊಡಗಿದೆ. ಸದ್ದು ಎಲ್ಲಿಂದ ಬರುತ್ತದೆ ಎಂದು ನನಗೆ ಅನುಮಾನವಿತ್ತೋ ಅಲ್ಲಿಗೇ, ಗಾಜಿನ ಬುಡಕ್ಕೇ, ಭಕ್ತಿಯಿಂದ ಹಾಕುತ್ತಿದ್ದೆ. ಮರುದಿನ ಸದ್ದು ಇನ್ನಷ್ಟು ಜೋರಾಗಿದೆ ಎಂದು ನನಗೊಬ್ಬನಿಗೆ ಅನ್ನಿಸುತ್ತಿತ್ತು, ಭಾಯ್‌ಗಾಗಲಿ ಯಂತ್ರಕ್ಕಾಗಲಿ ಇಲ್ಲ. ಅದರ ಮುಂದಿನ ವಾರ ಇನ್ನೂ ಒಂದು ಹಿಡಿ ಹೆಚ್ಚು ಹಾಕುತ್ತಿದ್ದೆ. ಭಾಯ್ ಶುಕ್ರವಾರದ ನಮಾಜಿಗೆ ಹೊರಡುವಾಗ ಬಾಗಿಲಲ್ಲಿ ನಿಂತು, "ನಾನೂ ಒಂದು ಮಾತು ಹಾಕ್ತೀನಿ ಸಾರ್, ಎರಡು ಕಡೆಯಿಂದ್ಲೂ ಹೋಗ್ಲಿ ಅರ್ಜಿ" ಅನ್ನುತ್ತಿದ್ದರು.

ಕಂಪನಿಯವರು ಬರುವುದಕ್ಕೆ ಮುಂಚಿನ ಶುಕ್ರವಾರ. ಎಲ್ಲರೂ ಊಟಕ್ಕೆ ಹೋಗಿದ್ದರು. ಯಂತ್ರಗಳು ನಿಂತು ಶೆಡ್ಡು ತಣ್ಣಗಿತ್ತು. ಜನರ ಮುಂದೆ ಮಾಡಿದ ಪೂಜೆ ಸಾಲದೆಂದು, ನಾನೊಬ್ಬನೇ ಕಾರಿನಲ್ಲಿ ಕೂತು, ಬಾಗಿಲು ಹಾಕಿಕೊಂಡು, ಕಣ್ಣು ಮುಚ್ಚಿ, 'ಅಪ್ಪಾ, ಇದೊಂದು ಸಲ' ಎಂದು ಕೈತುಂಬ ಅಕ್ಷತೆ ಗಾಜಿನ ಬುಡಕ್ಕೆ ಹಾಕಿದೆ.

ಟಿರ್ರ್.

ಕಣ್ಣು ಬಿಟ್ಟೆ. ಕಾರು ನಿಂತಿತ್ತು, ಎಂಜಿನ್ ಆಫ್ ಆಗಿತ್ತು. ಇನ್ನೊಂದು ಚಿಟಿಕೆ ಹಾಕಿದೆ. ಮತ್ತೆ ಟಿರ್ರ್, ಒಳಗೊಳಗೇ ಇಳಿದುಹೋದ ಹಾಗೆ. ಮಂಜು ಹಿಡಿದಾಗ ಗಾಜಿಗೆ ಗಾಳಿ ಬರಲೆಂದು ಡ್ಯಾಶ್‌ಬೋರ್ಡಿನ ಮೇಲೆ ಉದ್ದಕ್ಕೂ ಸೀಳುಗಳಿರುತ್ತವೆ. ನೋಡಲು ಚೆಂದವಾಗಿರಲಿ ಎಂದು ಈ ಕಾರಿನಲ್ಲಿ ಆ ಸೀಳುಗಳನ್ನು ಅಗಲವಾಗಿ ಬಿಟ್ಟಿದ್ದರು. ಅಕ್ಕಿಕಾಳು ಸೀದಾ ಒಳಗಿನ ಪ್ಲಾಸ್ಟಿಕ್ ಕೊಳವೆಗೆ ಇಳಿಯುತ್ತಿತ್ತು. ಶನಿವಾರ ಗಡಗಡ ಅಂದಾಗ ಅಲ್ಲಿ ಕುಣಿಯುತ್ತಿತ್ತು. ಸೋಮವಾರ ನಾವು ಬಿಚ್ಚಿ ಬೋರಲು ಹಾಕಿದಾಗ ಕಾಳೆಲ್ಲ ಉದುರಿಹೋಗುತ್ತಿತ್ತು. ಪೂಜೆಯಾದ ಶೆಡ್ಡಿನಲ್ಲಿ ಅಕ್ಷತೆ ಬಿದ್ದಿದ್ದರೆ ಯಾರು ತಾನೇ ಏಕೆ ಎಂದು ಕೇಳುತ್ತಾರೆ? ಹೂವಿನ ಎಸಳಿನ ಜೊತೆ ಗುಡಿಸಿ ಹಾಕುತ್ತಿದ್ದರು. ನನ್ನ ಹರಕೆಯೇ ನನ್ನ ರೋಗವಾಗಿತ್ತು. ವಾರವಾರವೂ ಮನೆಯಿಂದ ಡಬ್ಬಿ ತುಂಬ ತಂದು ಅದಕ್ಕೆ ಊಟ ಹಾಕುತ್ತಿದ್ದವನು ನಾನೇ.

ಆದರೂ ಆ ಕ್ಷಣದಲ್ಲಿ ನಾಚಿಕೆಗಿಂತ ಮೊದಲು ಬಂದದ್ದು ಖುಷಿ. ಸದ್ದು ಇತ್ತು. ನನ್ನ ತಲೆಯೊಳಗಲ್ಲ, ಕಾರಿನೊಳಗೆ.

ಮೇಡಂ ಕೇಳಿ ಮೊದಲು ಕುರ್ಚಿಗೆ ಒರಗಿ ನಕ್ಕರು. ಕಣ್ಣೊರೆಸಿಕೊಂಡು ಆಮೇಲೆ ಕೆಲಸದ ಮಾತಿಗೆ ಬಂದರು. "ಸುಲಭ ಆಯ್ತಲ್ಲ ಸರ್. ಕೊಳವೆ ಕ್ಲೀನ್ ಮಾಡಿಸಿ. ಅವ್ರು ಬಂದು ಹೋಗೋ ತನಕ ಇನ್ನು ಪೂಜೆ ಬೇಡ. ಸದ್ದು ಇರಲ್ಲ, ಸಹಿ ಹಾಕಿ ಹೋಗ್ತಾರೆ. ನಿಮ್ಮ ಸೀಟು ನಿಮಗೆ."

"ಕಾರು ತಗೊಂಡೋರು ಹಾಕ್ತಾರಲ್ಲ ಮೇಡಂ."

"ಏನು?"

"ಅಕ್ಷತೆ. ಷೋರೂಮಿಂದ ತಂದ ದಿನಾನೇ ಹಾಕ್ತಾರೆ. ಆಯುಧಪೂಜೆಗಂತೂ ಸರಿಯೇ ಸರಿ."

ಅವರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. "ಸರ್, ಈಗ ಸೀಳು ಬದಲಾಯಿಸ್ಬೇಕು ಅಂದ್ರೆ ಅಚ್ಚು ಬದಲಾಯಿಸ್ಬೇಕು. ಒಂದು ಕಾರಿಗಲ್ಲ, ಮೂರಕ್ಕೂ. ಎಲ್ಲ ಹಿಂದಕ್ಕೆ ಹೋಗುತ್ತೆ. ಜನ ಕಾರೊಳಗೆ ಅಕ್ಕಿ ಹಾಕಿದ್ರೆ ಅದು ಕಾರಿನ ತಪ್ಪಾ?"

ನೀವೇ ಯೋಚಿಸಿ ನೋಡಿ ಎಂದು ಎದ್ದುಬಂದೆ. ನಾನೂ ಯೋಚಿಸಿದೆ. ಅದೊಂದು ಕೆಲಸಕ್ಕೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸುಮ್ಮನಿದ್ದರೆ ಸೀಟು ಉಳಿಯುತ್ತದೆ. ಆದರೆ ಶನಿವಾರ ಸದ್ದೇ ಇಲ್ಲದಿದ್ದರೆ, ಇವನಿಗೆ ಸುಮ್ಮನೆ ಕೇಳಿಸುತ್ತಿತ್ತು ಎಂಬ ಮಾತೂ ಉಳಿಯುತ್ತದೆ. ಕಾರು ಕೊಳ್ಳುವ ಜನರ ಹಿತಕ್ಕಾಗಿ ಮುಂದಿನ ಕೆಲಸ ಮಾಡಿದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಅಕ್ಕನ ಮಂಡಿಯೂ ಮನಸ್ಸಿನಲ್ಲಿತ್ತು ಅನ್ನಿ. ಆದರೆ ನನ್ನ ಕಿವಿ ನೆಟ್ಟಗಿದೆ ಎಂದು ನಾಲ್ಕು ಜನರಿಗೆ ತೋರಿಸುವ ಚಪಲ ಎಲ್ಲಕ್ಕಿಂತ ಮುಂದೆ ನಿಂತಿತ್ತು.

ಶನಿವಾರ ಕಂಪನಿಯ ಹಿರಿಯರೊಬ್ಬರು ಬಂದರು. ಬೇರೆ ರಾಜ್ಯದವರು, ಇಂಗ್ಲಿಷಿನಲ್ಲೇ ಮಾತು. ಹಿಂದೆ ಮೇಡಂ ಪಕ್ಕದಲ್ಲಿ ಕೂತರು. ಕೊಳವೆ ಕ್ಲೀನಾಗಿತ್ತು. ಇಲವಾಲದ ಕಡೆಯ ಆ ಕೆಟ್ಟ ಹಾದಿಯಲ್ಲಿ ಕಾರು ಉಸಿರು ಬಿಗಿಹಿಡಿದಂತೆ ಹೋಯಿತು. ಒಂದು ಚೂರೂ ಸದ್ದಿಲ್ಲ. ನನಗೇ ಹೆಮ್ಮೆ ಅನ್ನಿಸಿತು. ಹಿರಿಯರು, "ಬಹಳ ಚೆನ್ನಾಗಿದೆ. ಇನ್ನೇನಾದರೂ ಹೇಳುವುದಿದೆಯಾ?" ಎಂದು ಕೇಳಿದರು. ಕನ್ನಡಿಯಲ್ಲಿ ಮೇಡಂ ನನ್ನನ್ನೇ ನೋಡುತ್ತಿದ್ದರು.

ಜೇಬಿನಿಂದ ಕಾಗದದ ಪೊಟ್ಟಣ ತೆಗೆದೆ. "ಭಾಯ್, ಹಂಗೇ ನಿಧಾನಕ್ಕೆ ಹೋಗ್ತಿರಿ" ಅಂದು ಪೊಟ್ಟಣದಲ್ಲಿದ್ದ ಅಕ್ಷತೆಯನ್ನೆಲ್ಲ ಗಾಜಿನ ಬುಡದ ಸೀಳಿಗೇ ಸುರಿದೆ.

"ಯಾರದ್ದು ಸಾರ್ ಮದುವೆ?" ಅಂದರು ಭಾಯ್.

ಮುಂದಿನ ಗುಂಡಿಗೆ ಚಕ್ರ ಇಳಿಯಿತು. ಟಿರ್ರ್. ಇನ್ನೊಂದು ಗುಂಡಿ, ಟಿರ್ರ್ರ್. ಈ ಸಲ ಇರುವೆಯ ಗೆಜ್ಜೆಯಲ್ಲ, ಚೌಲ್ಟ್ರಿಯಲ್ಲಿ ಯಾರೋ ಮೊರ ಹಿಡಿದು ಅಕ್ಕಿ ಕೇರುತ್ತಿರುವ ಹಾಗಿತ್ತು. ಹಿರಿಯರು ಮುಂದಕ್ಕೆ ಬಗ್ಗಿದರು. ಮೇಡಂ ಬಾಯಿಗೆ ಕೈ ಅಡ್ಡ ಹಿಡಿದರು. ಭಾಯ್ ಕಾರನ್ನು ಬದಿಗೆ ನಿಲ್ಲಿಸಿ, "ಅಯ್ಯೋ, ಹೌದಲ್ಲ ಸಾರ್. ಇಷ್ಟ್ ದಿನ ನೀವು ನಿಜವೇ ಹೇಳ್ತಿದ್ರಿ" ಅಂದರು. ಅವರ ಮುಖದಲ್ಲಿ ಪಶ್ಚಾತ್ತಾಪಕ್ಕಿಂತ ನಿರಾಸೆಯೇ ಜಾಸ್ತಿ ಇತ್ತು.

ಅಕ್ಷತೆ ಅಂದರೇನು, ಏಕೆ ಹಾಕುತ್ತಾರೆ ಎಂದು ನಾನು ತಡವರಿಸುತ್ತಾ ಹೇಳತೊಡಗಿದೆ. ಹಿರಿಯರು ಮಧ್ಯದಲ್ಲೇ ತಡೆದರು. "ನಮ್ಮ ಮನೆಯಲ್ಲೂ ಹಾಕುತ್ತಾರೆ. ನಮ್ಮ ತಾಯಿಯಂತೂ ಎರಡೂ ಕೈಯಲ್ಲಿ ಹಾಕುತ್ತಾರೆ" ಎಂದು, ಹೊರಗೆ ಇಳಿದು ಯಾರಿಗೋ ಫೋನ್ ಮಾಡಿದರು. ಬಹಳ ಹೊತ್ತು ಮಾತಾಡಿದರು. ಮುಖ ಸಂತೋಷವಾಗಿರಲಿಲ್ಲ. ಕಾರಿನೊಳಗೆ ಮೇಡಂ ನನ್ನ ಕಡೆ ನೋಡದೆ, "ಮೊದ್ಲೇ ಒಂದು ಮಾತು ಹೇಳಿದ್ರೆ ನಾನೂ ಒಂದು ಹಿಡಿ ತರ್ತಿದ್ದೆ ಸರ್" ಅಂದರು. ಅದು ಕೋಪವೋ ಮೆಚ್ಚುಗೆಯೋ ಇವತ್ತಿಗೂ ಸರಿಯಾಗಿ ಗೊತ್ತಾಗಿಲ್ಲ. ಕೇಳಲು ಧೈರ್ಯವಿಲ್ಲ.

ಅಚ್ಚು ಬದಲಾಯಿತು. ಸೀಳುಗಳು ಅಕ್ಕಿಕಾಳು ತೂರದಷ್ಟು ಕಿರಿದಾದವು. ಮೂರೂ ಕಾರು ತಡವಾಗಿ ಬಂದವು. ಆ ತಡಕ್ಕೆ ಕಾರಣ ಯಾರೆಂದು ಹೊರಗಿನವರಿಗೆ ಗೊತ್ತಿಲ್ಲ, ಒಳಗಿನವರು ಮರೆಯುವುದಿಲ್ಲ. ನನ್ನ ಸೀಟು ನನಗೇ ಉಳಿಯಿತು. ಯಂತ್ರ ಈಗಲೂ ಹಿಂದಿನ ಸೀಟಿನಲ್ಲೇ ಇದೆ, ನನ್ನ ಬೆನ್ನನ್ನೇ ನೋಡುತ್ತಾ.

ಅಕ್ಕ ಕೊನೆಗೂ ಆ ಎತ್ತರದ ಕಾರನ್ನೇ ತಂದಳು. ಕೃಷ್ಣಮೂರ್ತಿಪುರಂನ ಅವರ ಮನೆ ಮುಂದೆ ಪೂಜೆ. ಚಕ್ರದ ಕೆಳಗೆ ನಿಂಬೆಹಣ್ಣು, ಬಾನೆಟ್ಟಿನ ಮೇಲೆ ಮಲ್ಲಿಗೆ ಹಾರ. ಅಕ್ಕ ಮುಂದಿನ ಸೀಟಿಗೆ ಹತ್ತಿ, "ಏನೋ, ಮಂಡಿಗೆ ಕಷ್ಟಾನೇ ಆಗ್ಲಿಲ್ಲ ಕಣೋ" ಎಂದು, ನಾನು ಅಂದುಕೊಂಡ ಹಾಗೆಯೇ ಹಿಡಿ ತುಂಬ ಅಕ್ಷತೆ ತೆಗೆದು ಗಾಜಿನ ಬುಡಕ್ಕೆ ಹಾಕಿದಳು. ಕಾಳುಗಳು ಸೀಳಿನ ಮೇಲೆ ಹಳದಿಯಾಗಿ ನಿಂತವು. ಒಂದೂ ಇಳಿಯಲಿಲ್ಲ. ನಾನು ಬಗ್ಗಿ ಸೀಳಿನುದ್ದಕ್ಕೂ ಬೆರಳಾಡಿಸಿ ನೋಡಿದೆ. ಯಾಕೆಂದು ಅಲ್ಲಿ ಯಾರಿಗೂ ಗೊತ್ತಾಗುವಂತಿರಲಿಲ್ಲ.

ಭಾವ ಡ್ರೈವಿಂಗ್ ಸೀಟಿಗೆ ಕೂತರು. ಹಿಂದೆ ನಾನು, ನನ್ನ ಹೆಂಡತಿ. ಬಲ್ಲಾಳ್ ಸರ್ಕಲ್ಲಿನ ತನಕ ಒಂದು ಸುತ್ತು. ರಸ್ತೆ ಅಗೆದಿದ್ದ ಕಡೆ ಕಾರು ಹತ್ತಿ ಇಳಿಯಿತು. ನಾನು ಕತ್ತು ಮುಂದೆ ಚಾಚಿದೆ. ಏನೂ ಇಲ್ಲ. ಇನ್ನೊಂದು ಹಳ್ಳ. ಏನೂ ಇಲ್ಲ. ಖುಷಿಯಾಗಬೇಕಿತ್ತು. ಕ್ಲಿನಿಕ್ಕಿನ ಹುಡುಗಿ ಹೇಳಿದ್ದು ನೆನಪಾಯಿತು. ತೆಳ್ಳನೆಯ ಎತ್ತರದ ಸದ್ದುಗಳು ನಿಧಾನವಾಗಿ ಕಡಿಮೆಯಾಗುತ್ತಾ ಹೋಗುತ್ತವೆ. ಅವಳು ಹೇಳಿದ ಒಂದು ವರ್ಷ ಮುಗಿಯುತ್ತಾ ಬಂದಿತ್ತು.

ಹೆಂಡತಿಯ ಮೊಣಕೈ ಮುಟ್ಟಿ ಮೆಲ್ಲಗೆ ಕೇಳಿದೆ. "ಕೇಳಿಸ್ತಾ?"

"ಏನು?"

"ಏನಾದ್ರೂ."

ಅವಳು ನಿಜವಾಗಿಯೂ ಕಿವಿಗೊಟ್ಟಳು. ಮುಂದಿನ ಹಳ್ಳ ದಾಟುವವರೆಗೂ ಉಸಿರು ಹಿಡಿದು ಕೂತಳು. ಆಮೇಲೆ, "ಏನೂ ಇಲ್ಲ ಕಣ್ರೀ" ಅಂದಳು.

"ಸರಿಯಾಗಿ ಕೇಳಿಸ್ಕೊಂಡ್ಯಾ?"

"ನಿಮಗಿಂತ ಸರಿಯಾಗೇ."

ಅದೇ ನನ್ನ ಹೆದರಿಕೆಯೂ ಆಗಿತ್ತು. ವಾಪಸ್ ಬಂದು ಇಳಿಯುವಾಗ, ಬೇರೆಯವರೆಲ್ಲ ಸಿಹಿ ತಿನ್ನಲು ಒಳಗೆ ಹೋದ ಮೇಲೆ, ಜೇಬಿನಿಂದ ಮನೆ ಬೀಗದ ಕೈ ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಚೆನ್ನಾಗಿಯೇ ಕೇಳಿಸಿತು. ಆದರೆ ಬೀಗದ ಕೈಯ ಸದ್ದು ದಪ್ಪ. ಸೀಟಿನ ಮೂಲೆಯಲ್ಲಿ ಬಿದ್ದಿದ್ದ ಎರಡು ಕಾಳು ಅಕ್ಷತೆ ಆರಿಸಿ, ಮುಷ್ಟಿಯಲ್ಲಿ ಸಡಿಲವಾಗಿ ಹಿಡಿದು ಅಲ್ಲಾಡಿಸುತ್ತಾ ನಿಂತೆ.

"ಏನ್ರೀ ಮಾಡ್ತಿದ್ದೀರಾ ಅಲ್ಲಿ? ಅಕ್ಕ ಕರೀತಿದ್ದಾರೆ" ಎಂದು ಹೆಂಡತಿ ಬಾಗಿಲಿನಿಂದ ಕೂಗಿದಳು.

"ಬಂದೆ" ಅಂದೆ. ಅವಳ ಮಾತು ಕೇಳಿಸಿತ್ತು. ಆ ಮಟ್ಟಿಗೆ ಸಮಾಧಾನ.